ಒಂದೇ ದ್ರಾಕ್ಷಿ, ನಾಲ್ಕು ಮಳಿಗೆ

ಮೊದಲ ಲೋಟವನ್ನು ಮೂಗಿನ ಹತ್ತಿರ ತಂದಾಗ ನನಗೆ ಸಿಕ್ಕಿದ್ದು ವೈನಿನ ಘಮವಲ್ಲ; ಎಲ್ಲೋ ಉರಿಯುತ್ತಿದ್ದ ಒಲೆಯ ಹೊಗೆ ಮತ್ತು ನೂರಾರು ಕಾಲುಗಳು ತುಳಿದ ಹುಲ್ಲಿನ ಹಸಿ ವಾಸನೆ. ವೈನಿನ ರುಚಿ ನೋಡಲು ಬಯಲಿನ ಉತ್ಸವಕ್ಕಿಂತ ಕೆಟ್ಟ ಜಾಗ ಇನ್ನೊಂದಿಲ್ಲ ಎಂಬುದನ್ನು ಮೊದಲೇ ಒಪ್ಪಿಕೊಂಡುಬಿಡುವುದು ಒಳ್ಳೆಯದು. ವೃತ್ತಿಯಿಂದಲೇ ರುಚಿ ನೋಡುವವರು ವಾಸನೆಯಿಲ್ಲದ, ತಿಳಿ ಬಣ್ಣದ ಗೋಡೆಗಳ ಕೋಣೆಯಲ್ಲಿ ಕೂರುತ್ತಾರೆ. ಅವರು ಹಿಡಿಯುವ ಲೋಟಕ್ಕೂ 1977ರಲ್ಲಿ ಅಂತರರಾಷ್ಟ್ರೀಯ ಮಾನದಂಡ ಸಂಸ್ಥೆ ಗೊತ್ತುಪಡಿಸಿದ ಐಎಸ್ಒ ಮಾನದಂಡವಿದೆ: ಹೊಟ್ಟೆ ಅಗಲವಾಗಿ, ಬಾಯಿ ಕಿರಿದಾಗಿ, ಸುಮಾರು 215 ಮಿಲಿಲೀಟರ್ ಹಿಡಿಯುವ ಆ ಲೋಟಕ್ಕೆ ಅವರು ಸುರಿಯುವುದು 50 ಮಿಲಿಲೀಟರ್ ಮಾತ್ರ, ಉಳಿದ ಜಾಗವೆಲ್ಲ ಘಮ ತುಂಬಿ ನಿಲ್ಲುವುದಕ್ಕೆ. ನನಗೆ ಪ್ರವೇಶದ್ವಾರದಲ್ಲಿ ಕೊಟ್ಟದ್ದು ಬಾಯಗಲದ ಲೋಟ. ಅದರೊಳಗಿನ ಘಮ ಗಾಳಿಯ ಪಾಲು.

ಗಾಳಿ ಬಿಟ್ಟದ್ದನ್ನು ಬಿಸಿಲು ಕೆಡಿಸುತ್ತದೆ. ಕೆಂಪು ವೈನಿಗೆ 16ರಿಂದ 18 ಡಿಗ್ರಿ ಸೆಲ್ಸಿಯಸ್, ಬಿಳಿ ವೈನಿಗೆ 8ರಿಂದ 12 ಡಿಗ್ರಿ ಹಿತವೆನ್ನುತ್ತಾರೆ. ಮೇಜಿನ ಮೇಲೆ ಗಂಟೆಗಟ್ಟಲೆ ಬಿಸಿಲು ಕಾಯುತ್ತ ನಿಂತ ಕೆಂಪು ವೈನಿನಲ್ಲಿ ಆಲ್ಕೋಹಾಲು ಮುಂದಾಗಿ ಆವಿಯಾಗಿ ಮೂಗನ್ನು ಚುಚ್ಚುತ್ತದೆ, ಹಣ್ಣಿನ ಸುಳಿವೇ ಸಿಗುವುದಿಲ್ಲ. ಇತ್ತ ಬಿಳಿ ವೈನನ್ನು ಮಂಜುಗಡ್ಡೆಯ ತೊಟ್ಟಿಯಲ್ಲಿ ಮುಳುಗಿಸಿಟ್ಟಿರುತ್ತಾರೆ. ಅಷ್ಟು ತಣ್ಣಗಿದ್ದರೆ ಘಮ ಮುದುಡಿ, ಹುಳಿಯೊಂದೇ ನಾಲಿಗೆಗೆ ತಾಗುತ್ತದೆ. ಹಾಗಾಗಿ ನಾನು ಕೆಂಪಾದರೆ ಮೇಜಿನ ಕೆಳಗೆ ನೆರಳಿನಲ್ಲಿಟ್ಟ ಬಾಟಲಿಯಿಂದ ಕೊಡಿ ಎಂದು ಕೇಳುತ್ತೇನೆ, ಬಿಳಿಯಾದರೆ ಲೋಟದ ಹೊಟ್ಟೆಯನ್ನು ಎರಡೂ ಅಂಗೈಗಳಲ್ಲಿ ಹಿಡಿದು ಎರಡು ನಿಮಿಷ ಸುಮ್ಮನೆ ನಿಲ್ಲುತ್ತೇನೆ. ನೋಡುವವರಿಗೆ ಧ್ಯಾನದಂತೆ ಕಾಣಬಹುದು, ಇರಲಿ.

ಇಷ್ಟೆಲ್ಲ ತೊಡಕಿದ್ದರೂ ಇಂಥ ಉತ್ಸವಕ್ಕೆ ಹೋಗುವುದಕ್ಕೆ ನನಗೆ ಒಂದೇ ಒಂದು ಗಟ್ಟಿ ಕಾರಣವಿದೆ. ಒಂದೇ ಸೀಮೆಯ ಬೆಳೆಗಾರರು, ಬೇಲಿಗೆ ಬೇಲಿ ತಾಗಿದ ತೋಟಗಳವರು, ಅದೇ ವರ್ಷದ ಅದೇ ಮಳೆ ಬಿಸಿಲು ಕಂಡ ದ್ರಾಕ್ಷಿಯಿಂದ ಮಾಡಿದ ವೈನುಗಳನ್ನು ಹತ್ತು ಹೆಜ್ಜೆಯ ಅಂತರದಲ್ಲಿ ಇಟ್ಟುಕೊಂಡು ನಿಂತಿರುವುದು ಇಲ್ಲಿ ಮಾತ್ರ. ಈ ಅನುಕೂಲ ನನ್ನ ತಲೆಗೆ ಹೊಳೆಯುವಷ್ಟರಲ್ಲಿ ಮೊದಲ ಒಂದು ಗಂಟೆ ವ್ಯರ್ಥವಾಗಿತ್ತು. ಕಂಡ ಮಳಿಗೆಗೆಲ್ಲ ನುಗ್ಗಿ, ಗಾಢ ಕೆಂಪಾದ ಮೇಲೆ ಸಿಹಿ ವೈನು, ಅದರ ಮೇಲೆ ನೊರೆಯ ವೈನು ಎಂದು ಸಿಕ್ಕಿದ್ದನ್ನೆಲ್ಲ ಗುಟುಕರಿಸಿ, ಕೊನೆಗೆ ಯಾವುದು ಹೇಗಿತ್ತೆಂದು ಒಂದನ್ನೂ ಹೇಳಲಾರದ ಸ್ಥಿತಿಗೆ ಬಂದಿದ್ದೆ. ದ್ರಾಕ್ಷಿಯ ಸಿಪ್ಪೆ, ಬೀಜಗಳಿಂದ ಕೆಂಪು ವೈನಿಗೆ ಇಳಿಯುವ ಟ್ಯಾನಿನ್ ಎಂಬ ಅಂಶ ನಮ್ಮ ಜೊಲ್ಲಿನ ಪ್ರೋಟೀನುಗಳಿಗೆ ಅಂಟಿಕೊಂಡು ಅದರ ಜಾರುವ ಗುಣವನ್ನೇ ಕಿತ್ತುಕೊಳ್ಳುವುದರಿಂದ ನಾಲಿಗೆ, ಒಸಡು, ಕೆನ್ನೆಯ ಒಳಭಾಗವೆಲ್ಲ ಒಣಗಿ ಜಿಗುಟಾಗಿತ್ತು. ಬೇರೆ ಭಾಷೆಗಳವರು ಇದನ್ನು ಹೇಳಲು ಪರದಾಡುವುದನ್ನು ಓದಿದಾಗಲೆಲ್ಲ, ಒಗರು ಎಂಬ ಮೂರಕ್ಷರ ನಮ್ಮ ಮನೆಮಾತಿನಲ್ಲೇ ಇರುವುದಕ್ಕೆ ಸಣ್ಣ ಹೆಮ್ಮೆಯಾಗುತ್ತದೆ.

ನೀರು ಕುಡಿದು, ಸಪ್ಪೆ ಬ್ರೆಡ್ಡಿನ ಎರಡು ತುಂಡು ಜಗಿದು, ಒಂದು ಮರದ ನೆರಳಿನಲ್ಲಿ ಕುಳಿತು ತೀರ್ಮಾನಿಸಿದೆ: ಉಳಿದ ಹೊತ್ತಿನಲ್ಲಿ ಒಂದೇ ದ್ರಾಕ್ಷಿ, ಒಂದೇ ವರ್ಷ. ನಾಲ್ಕು ಮಳಿಗೆಗಳಲ್ಲಿ ಶೆನಿನ್ ಬ್ಲಾಂಕ್ ಎಂಬ ಬಿಳಿ ದ್ರಾಕ್ಷಿಯ ವೈನಿತ್ತು, ಅದನ್ನೇ ಹಿಡಿದೆ. ಫ್ರಾನ್ಸಿನ ಲ್ವಾರ್ ಕಣಿವೆ ಅದರ ತವರು. ದಕ್ಷಿಣ ಆಫ್ರಿಕಾದಲ್ಲಿ ಅದೇ ದ್ರಾಕ್ಷಿಯನ್ನು ಬಹುಕಾಲ ಸ್ಟೀನ್ ಎಂದು ಕರೆಯುತ್ತಿದ್ದರು. ಹುಟ್ಟಾ ಹುಳಿಯ ಜಾತಿಯಾದ್ದರಿಂದ ನೊರೆಯ ವೈನಿಗೂ ಆಗುತ್ತದೆ, ಸಿಹಿಯಿಲ್ಲದ್ದಕ್ಕೂ ಆಗುತ್ತದೆ, ವರ್ಷಗಟ್ಟಲೆ ಇಟ್ಟು ಕುಡಿಯುವ ಜೇನಿನಂಥ ಸಿಹಿ ವೈನಿಗೂ ಆಗುತ್ತದೆ. ತನ್ನದೇ ಘಮವನ್ನು ಮುಂದೆ ಮಾಡಿಕೊಂಡು ಮೆರೆಯುವ ದ್ರಾಕ್ಷಿ ಅದಲ್ಲ, ಆದ್ದರಿಂದ ಮಾಡಿದವರ ಕೈ ಅದರಲ್ಲಿ ಎದ್ದು ಕಾಣುತ್ತದೆ.

ಮೊದಲ ಮಳಿಗೆಯದು ಸ್ಟೀಲ್ ತೊಟ್ಟಿಯಲ್ಲಿ ತಣ್ಣಗೆ ಹುದುಗಿಸಿದ ವೈನು. ನೀರಿಗೆ ಎರಡು ಹನಿ ಹಸಿರು ಬೆರೆಸಿದಂಥ ಬಣ್ಣ, ಕಚ್ಚಿದ ಹಸಿರು ಸೇಬಿನ ನೆನಪು, ದವಡೆಯ ಮೂಲೆಯಲ್ಲಿ ಜೊಲ್ಲೂರಿಸುವ ನೇರ ಹುಳಿ. ಎರಡನೆಯ ಮಳಿಗೆಗೆ ಹೋದಾಗ ಅದೇ ದ್ರಾಕ್ಷಿಯೆಂದು ನಂಬುವುದೇ ಕಷ್ಟವಾಯಿತು. ಅವರು 225 ಲೀಟರಿನ ಓಕ್ ಪೀಪಾಯಿಗಳಲ್ಲಿ ಹುದುಗಿಸಿ, ತಳದಲ್ಲಿ ಕೂತ ಸತ್ತ ಯೀಸ್ಟಿನ ಗಷ್ಟನ್ನು ಆಗಾಗ ಕದಡುತ್ತ ತಿಂಗಳುಗಟ್ಟಲೆ ಇಟ್ಟಿದ್ದರು. ಜೊತೆಗೆ ಮ್ಯಾಲಿಕ್ ಆಮ್ಲವನ್ನು ಬ್ಯಾಕ್ಟೀರಿಯಾಗಳು ಲ್ಯಾಕ್ಟಿಕ್ ಆಮ್ಲವಾಗಿ ಮಾರ್ಪಡಿಸಲು ಬಿಟ್ಟಿದ್ದರು. ಮ್ಯಾಲಿಕ್ ಎಂದರೆ ಕಾಯಿ ಸೇಬಿನ ಹುಳಿ, ಲ್ಯಾಕ್ಟಿಕ್ ಎಂದರೆ ಮೊಸರಿನ ಹುಳಿ. ಈ ಮಾರ್ಪಾಡಿನಲ್ಲಿ ಹುಟ್ಟುವ ಡೈಅಸಿಟೈಲ್ ಬೆಣ್ಣೆಯ ವಾಸನೆ ಕೊಡುತ್ತದೆ. ಗುಟುಕು ದಪ್ಪವಾಗಿ, ದುಂಡಗಾಗಿ ಬಾಯಿ ತುಂಬಿತು. ಚೆನ್ನಾಗಿತ್ತು, ಆದರೆ ನನ್ನ ಅಭಿಪ್ರಾಯದಲ್ಲಿ ಮರ ಸ್ವಲ್ಪ ಹೆಚ್ಚೇ ಮಾತಾಡುತ್ತಿತ್ತು.

ನಾನು ಅತಿ ಹೆಚ್ಚು ಹೊತ್ತು ನಿಂತದ್ದು ಮೂರನೆಯ ಮಳಿಗೆಯ ಮುಂದೆ. ಅಲ್ಲಿ ಸುರಿಯುತ್ತಿದ್ದವರು ಉಗುರಿನ ಸಂದಿಯಲ್ಲಿ ಇನ್ನೂ ಕಪ್ಪು ಉಳಿದಿದ್ದ ಬೆಳೆಗಾರರೇ. ಕೇಳಿದ್ದಕ್ಕೆ ಕರಪತ್ರ ಚಾಚದೆ ಬಾಯಿಬಿಟ್ಟು ಉತ್ತರಿಸಿದರು. ಅವರ ತೋಟವೂ ಮೊದಲ ಮಳಿಗೆಯವರ ತೋಟವೂ ಒಂದೇ ಗುಡ್ಡದ ಮೇಲಿವೆ, ಇವರದು ಮೇಲೆ, ಅವರದು ಕೆಳಗೆ. ಮೇಲಿನ ರಾತ್ರಿಗಳು ತಣ್ಣಗಿರುವುದರಿಂದ ಕಾಯಿಯೊಳಗಿನ ಮ್ಯಾಲಿಕ್ ಆಮ್ಲ ಅಷ್ಟು ಬೇಗ ಕರಗಿಹೋಗುವುದಿಲ್ಲ. ಹುಳಿ ಕೈಬಿಡುತ್ತದೆ ಎಂಬ ಭಯವಿಲ್ಲದೆ ಹಣ್ಣನ್ನು ಇನ್ನಷ್ಟು ಮಾಗಲು ಬಿಡಬಹುದು. ಕೆಳಗಿನವರು ಕೊಯ್ದ 11 ದಿನಗಳ ಮೇಲೆ ಇವರು ಕೊಯ್ದರಂತೆ. ಲೋಟದಲ್ಲಿ ಆ 11 ದಿನಗಳು ಕಾಣುತ್ತಿದ್ದವು: ಸೇಬಿನ ಜಾಗದಲ್ಲಿ ಮಾಗಿದ ಸೀಬೆಹಣ್ಣು, ಅದರ ಹಿಂದೆ ತೆಳುವಾಗಿ ಜೇನು, ಮತ್ತು ಇಷ್ಟೆಲ್ಲ ಮಾಗಿದ ಮೇಲೂ ಬೆನ್ನುಮೂಳೆಯಂತೆ ನೆಟ್ಟಗೆ ನಿಂತ ಹುಳಿ. ಹಿಂದಕ್ಕೆ ಓಡಿ ಮೊದಲ ಮಳಿಗೆಯಿಂದ ಇನ್ನೊಂದು ಗುಟುಕು ಹಾಕಿಸಿಕೊಂಡು ಬಂದು, ಬೇರೊಂದು ಲೋಟ ಬೇಡಿ ಪಡೆದು, ಎರಡನ್ನೂ ಅಕ್ಕಪಕ್ಕ ಇಟ್ಟು ನೋಡಿದೆ. ಬಣ್ಣದಲ್ಲೇ ವ್ಯತ್ಯಾಸವಿತ್ತು, ಒಂದು ಹಸಿರಿನ ಕಡೆಗೆ, ಇನ್ನೊಂದು ಹುಲ್ಲಿನ ಹಳದಿಯ ಕಡೆಗೆ.

ನಾಲ್ಕನೆಯದು ಅರೆಸಿಹಿ. ಲೀಟರಿಗೆ ಸುಮಾರು 17 ಗ್ರಾಂ ಸಕ್ಕರೆಯನ್ನು ಯೀಸ್ಟ್ ತಿಂದು ಮುಗಿಸಿದರೆ ಶೇಕಡ 1ರಷ್ಟು ಆಲ್ಕೋಹಾಲು ಹುಟ್ಟುತ್ತದೆ. ಇವರು ತೊಟ್ಟಿಯನ್ನು ತಣಿಸಿ, ಯೀಸ್ಟನ್ನು ಸೋಸಿ, ಹುದುಗುವಿಕೆಯನ್ನು ನಡುವೆಯೇ ನಿಲ್ಲಿಸಿದ್ದರು. ಆ ಮಳಿಗೆಯ ಮುಂದೆಯೇ ಅತಿ ಉದ್ದದ ಸಾಲಿತ್ತು. ನನಗೆ ಅದು ಹಿಡಿಸಲಿಲ್ಲ, ಸಾಲಿನಲ್ಲಿದ್ದವರಿಗೆ ಹಿಡಿಸಿತು. ಇಬ್ಬರಲ್ಲಿ ಯಾರೂ ತಪ್ಪಲ್ಲ.

ಉಗುಳುವ ವಿಷಯವನ್ನು ಹೇಳಲೇಬೇಕು. ಒಂದು ಸಲಕ್ಕೆ ಸುರಿಯುವುದು 30 ಮಿಲಿಲೀಟರ್ ಎಂದುಕೊಂಡರೂ 25 ಗುಟುಕಿಗೆ 750 ಮಿಲಿಲೀಟರಿನ ಒಂದು ಇಡೀ ಬಾಟಲಿಯಾಗುತ್ತದೆ. ಮೇಜಿನ ಮೇಲಿನ ಬಕೆಟ್ ಇರುವುದು ಅದಕ್ಕೇ. ಮೊದಲ ಸಲ ಸಂಕೋಚವಾಗುತ್ತದೆ, ಎರಡನೆಯ ಸಲ ಅಂಗಿಯ ಮೇಲೆ ಚೆಲ್ಲುತ್ತದೆ, ಮೂರನೆಯ ಸಲಕ್ಕೆ ಅಭ್ಯಾಸವಾಗುತ್ತದೆ. ಉಗುಳಿದರೆ ರುಚಿ ತಪ್ಪಿಹೋಗುವುದಿಲ್ಲ. ಉಗುಳಿದ ಮೇಲೆ ಬಾಯಿ ಮುಚ್ಚಿ ಮೂಗಿನಿಂದ ನಿಧಾನವಾಗಿ ಉಸಿರು ಬಿಟ್ಟರೆ ಗಂಟಲಿನ ಹಿಂದಿನಿಂದ ಘಮ ಮೂಗಿಗೇರುತ್ತದೆ. ಬಯಲಿನ ಗಾಳಿ ಕದಿಯಲಾಗದ ಘಮ ಇದೊಂದೇ, ಆದ್ದರಿಂದ ಅಲ್ಲಿ ನಾನು ನೆಚ್ಚಿಕೊಂಡದ್ದು ಲೋಟ ಮೂಸುವುದನ್ನಲ್ಲ, ಈ ಉಸಿರನ್ನು.

ಮಳಿಗೆಯವರ ಮಾತನ್ನು ಮಾತ್ರ ಗುಟುಕಿನ ನಂತರ ಕೇಳುವುದು ಕ್ಷೇಮ. 2001ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಸಂಶೋಧಕ ಫ್ರೆಡೆರಿಕ್ ಬ್ರೋಶೆ ಮತ್ತು ಸಂಗಡಿಗರು ಫ್ರಾನ್ಸಿನ ಬೋರ್ಡೋದ 54 ಮಂದಿ ವೈನ್ ವಿದ್ಯಾರ್ಥಿಗಳಿಗೆ ಬಿಳಿ ವೈನಿಗೆ ವಾಸನೆಯಿಲ್ಲದ ಕೆಂಪು ಬಣ್ಣ ಬೆರೆಸಿ ಕೊಟ್ಟಾಗ, ಅವರು ಅದನ್ನು ವರ್ಣಿಸಲು ಕೆಂಪು ವೈನಿಗೆ ಬಳಸುವ ಪದಗಳನ್ನೇ ಬಳಸಿದರು. ಕಲಿತವರ ಮೂಗನ್ನು ಒಂದು ಬಣ್ಣ ಹೀಗೆ ದಾರಿ ತಪ್ಪಿಸುವುದಾದರೆ, ಪೀಪಾಯಿಯ ಬಗ್ಗೆ ಹತ್ತು ನಿಮಿಷ ಕಥೆ ಕೇಳಿದ ನನ್ನ ಬಾಯಿಗೆ ಮರದ ರುಚಿ ಹೆಚ್ಚಾಗಿ ಕಂಡದ್ದರಲ್ಲಿ ಆಶ್ಚರ್ಯವೇನು? ಎರಡನೆಯ ವೈನಿನ ಬಗ್ಗೆ ಮೇಲೆ ಬರೆದ ಅಭಿಪ್ರಾಯವನ್ನು ಓದುಗರು ಇದರೊಡನೆ ಸೇರಿಸಿ ಓದಿಕೊಳ್ಳಬೇಕು.

ಒಂದು ಬಾಟಲಿ ಕೆಟ್ಟದ್ದೂ ಸಿಕ್ಕಿತು. ಯಾವ ಮಳಿಗೆಯೆಂಬುದು ಬೇಡ. ಒದ್ದೆಯಾಗಿ ಒಣಗಿದ ಹಳೆಯ ರಟ್ಟಿನ ವಾಸನೆ, ಒಳಗೆ ಹಣ್ಣೇ ಇಲ್ಲದ ಬೋಳು ರುಚಿ. ಇದು ಕಾರ್ಕಿನ ದೋಷ. ಕಾರ್ಕಿನಲ್ಲಿ ಬೂಷ್ಟಿನಿಂದ ಹುಟ್ಟುವ ಟಿಸಿಎ ಎಂಬ ಸಂಯುಕ್ತ ಲೀಟರಿನಲ್ಲಿ ಕೆಲವೇ ನ್ಯಾನೋಗ್ರಾಂ, ಅಂದರೆ ಒಂದು ಗ್ರಾಮಿನ ನೂರು ಕೋಟಿಯಲ್ಲಿ ಕೆಲವೇ ಪಾಲು ಇದ್ದರೂ ವೈನು ಕೆಡುತ್ತದೆ. ನನ್ನ ಮುಂದಿದ್ದ ನಾಲ್ಕೈದು ಮಂದಿ ಅದನ್ನೇ ಕುಡಿದು, ಈ ವೈನು ಇಷ್ಟೇ ಎಂದುಕೊಂಡು ಹೋಗಿದ್ದರು. ಮೆಲ್ಲಗೆ ಹೇಳಿದಾಗ ಸುರಿಯುತ್ತಿದ್ದ ಹುಡುಗ ಮೊದಲು ಹುಬ್ಬುಗಂಟಿಕ್ಕಿದ, ತಾನೇ ಮೂಸಿ ನೋಡಿದ, ಮರುಮಾತಿಲ್ಲದೆ ಬಾಟಲಿಯನ್ನು ಹುಲ್ಲಿಗೆ ಸುರಿದು ಹೊಸದನ್ನು ಬಿಚ್ಚಿದ. ಹೊಸದು ಸೊಗಸಾಗಿತ್ತು.

ಸಂಜೆ ಗಾಳಿ ನಿಂತ ಮೇಲೆ ಹೊರಡುವ ಮುನ್ನ ಮೂರನೆಯ ಮಳಿಗೆಗೆ ಇನ್ನೊಮ್ಮೆ ಹೋದೆ. ಮಂಜುಗಡ್ಡೆಯೆಲ್ಲ ಕರಗಿ, ಬಾಟಲಿ ತೊಟ್ಟಿಯ ನೀರಿನಲ್ಲಿ ವಾಲಿಕೊಂಡು ತೇಲುತ್ತಿತ್ತು. ಬೆಳೆಗಾರರು ಉಳಿದದ್ದನ್ನು ನನ್ನ ಲೋಟಕ್ಕೆ ಬಗ್ಗಿಸಿದರು. ಈ ಸಲ ಅಂಗೈಯಲ್ಲಿ ಹಿಡಿದು ಕಾಯಬೇಕಾಗಲಿಲ್ಲ. ಲೋಟ ಮುಖದ ಹತ್ತಿರ ಬರುವ ಮೊದಲೇ ಸೀಬೆಹಣ್ಣಿನ ಘಮ ಬಂತು, ನಾನು ಬಕೆಟ್ಟಿನ ಕಡೆ ನೋಡಲಿಲ್ಲ.