ಹತ್ತು ವರ್ಷದ ಕಾಲಿಗೆ ಐದನೇ ಸೈಜು

ಬೆಳಿಗ್ಗೆ ಕುವೆಂಪುನಗರದ ಕಡೆ ಹತ್ತು ವರ್ಷದ ಹುಡುಗರ ಫುಟ್‌ಬಾಲ್ ಮ್ಯಾಚು. ಗೋಲಾಗಿದ್ದೆಲ್ಲ ಕೀಪರ್ ತಲೆ ಮೇಲಿಂದ.

ಆಗದೆ ಇನ್ನೇನು! ದೊಡ್ಡವರ ಪೋಸ್ಟು, 7.32 ಮೀಟರ್ ಅಗಲ, 2.44 ಎತ್ತರ. ಬಾಲು ಐದನೇ ಸೈಜು, 410ರಿಂದ 450 ಗ್ರಾಂ. ಈ ವಯಸ್ಸಿಗೆ ನಾಲ್ಕನೇ ಸೈಜು ಸಾಕಪ್ಪ. ಭಾರದ ಬಾಲು ಕೊಟ್ಟರೆ ಹುಡುಗ ಪಾಸ್ ಕಲಿಯಲ್ಲ, ಬೀಸಿ ಒದೆಯೋದು ಕಲೀತಾನೆ.

ಬಾರ್ಸಿಲೋನಾ ಕ್ಲಬ್ಬಿನ ಹುಡುಗರ ಅಕಾಡೆಮಿ ಲಾ ಮಾಸಿಯಾದಲ್ಲಿ ರೊಂಡೊ ಅನ್ನೋ ಪಾಸಿಂಗ್ ಆಟ ಆಡಿಸ್ತಾರೆ. ಸುತ್ತ ನಾಲ್ಕೈದು ಜನ, ನಡುವೆ ಕಸಿಯೋಕೆ ಒಬ್ಬಿಬ್ಬರು, ಚಿಕ್ಕ ಜಾಗ. ಬಾಲು ಬರೋ ಮೊದಲೇ ಭುಜದ ಮೇಲಿಂದ ಹಿಂದೆ ನೋಡಿರಬೇಕು. ಮೈ ಅರ್ಧ ತಿರುಗಿರಬೇಕು. ದೂರದ ಕಾಲಲ್ಲಿ ತಗೋಬೇಕು, ಹತ್ತಿರದ ಕಾಲಲ್ಲಿ ತಗೊಂಡ್ರೆ ಮುಂದಿನ ದಾರಿ ಮುಚ್ಚಿತು ಅಂತಲೇ. ನಮ್ಮಲ್ಲಿ ಮೊದಲು ಗ್ರೌಂಡು ಸುತ್ತೋಕೆ ಹೇಳ್ತಾರೆ, ಬಾಲು ಆಮೇಲೆ.

ಆಯ್ಕೆಯಲ್ಲೂ ಅಷ್ಟೇ. ವಯಸ್ಸಿನ ಲೆಕ್ಕ ಜನವರಿ 1ರಿಂದ ಹಿಡಿದರೆ ಡಿಸೆಂಬರಿನಲ್ಲಿ ಹುಟ್ಟಿದವನು ಅದೇ ವರ್ಷದ ಜನವರಿಯವನಿಗಿಂತ ಹನ್ನೊಂದು ತಿಂಗಳು ಚಿಕ್ಕವನು. ಪೀಚು ಅಂತ ಬೆಂಚಿಗೆ. ಇಂಗ್ಲೆಂಡಿನ ಕೆಲವು ಅಕಾಡೆಮಿಗಳು ಆಗಾಗ ಹುಟ್ಟಿದ ತಾರೀಖು ಬದಿಗಿಟ್ಟು, ಮೈ ಎಷ್ಟು ಬೆಳೆದಿದೆ ಅಂತ ಅಳೆದು ಗುಂಪು ಮಾಡಿ ಆಡಿಸ್ತವೆ.