ಕಾವಲು ಪಡೆಯೇ ಗೆಡ್ಡೆಗೆ ನೆರವಾಗುವಾಗ

ರೋಗನಿರೋಧಕ ಶಕ್ತಿ ಬಲವಾಗಿದ್ದರೆ ಕ್ಯಾನ್ಸರ್ ಬರುವುದೇ ಇಲ್ಲವೆಂಬ ಮಾತನ್ನು ಆಗಾಗ ಕೇಳುತ್ತೇನೆ. ವಿಷಯ ಅಷ್ಟು ಸರಳವಾಗಿಲ್ಲ. ಟಿ ಕೋಶಗಳು (ಒಂದು ಬಗೆಯ ಬಿಳಿ ರಕ್ತಕಣಗಳು) ಕೆಟ್ಟ ಕೋಶಗಳನ್ನು ಗುರುತಿಸಿ ಕೊಲ್ಲುತ್ತವೆ ಎಂಬುದು ನಿಜ. ಅಂಗಾಂಗ ಕಸಿಯ ನಂತರ ನಿರೋಧಕ ಶಕ್ತಿಯನ್ನು ತಗ್ಗಿಸುವ ಔಷಧಿಗಳನ್ನು ದೀರ್ಘಕಾಲ ಸೇವಿಸುವವರಲ್ಲಿ ಚರ್ಮದ ಕ್ಯಾನ್ಸರ್ ಮತ್ತು ಲಿಂಫೋಮಾ (ದುಗ್ಧರಸ ವ್ಯವಸ್ಥೆಯ ಕ್ಯಾನ್ಸರ್) ಹೆಚ್ಚಾಗಿ ಕಾಣಿಸಿಕೊಳ್ಳುವುದೇ ಇದಕ್ಕೆ ಸಾಕ್ಷಿ. ಆದರೆ ಈ ದಾಳಿಯೇ ಒಂದು ಬಗೆಯ ಆಯ್ಕೆಯೂ ಆಗುತ್ತದೆ: ಸುಲಭವಾಗಿ ಗುರುತು ಸಿಗುವ ಕೋಶಗಳು ನಾಶವಾಗಿ, ತಮ್ಮ ಗುರುತನ್ನು ಮರೆಸಿಕೊಂಡವು ಉಳಿದು ಬೆಳೆಯುತ್ತವೆ.

ನನ್ನನ್ನು ಹೆಚ್ಚು ಕಾಡುವುದು ದೀರ್ಘಕಾಲದ ಉರಿಯೂತ. ಹೆಪಟೈಟಿಸ್ ಬಿ ವೈರಾಣು ಯಕೃತ್ತಿನಲ್ಲಿ ವರ್ಷಗಟ್ಟಲೆ ನೆಲೆಸಿದಾಗ, ಬಿಡುವಿಲ್ಲದೆ ಹೋರಾಡುವ ನಿರೋಧಕ ಕೋಶಗಳು ಹೊರಸೂಸುವ ರಾಸಾಯನಿಕಗಳು ಸುತ್ತಲಿನ ಆರೋಗ್ಯವಂತ ಕೋಶಗಳ ಡಿಎನ್‌ಎಗೂ ಹಾನಿ ಮಾಡಬಲ್ಲವು. ಗೆಡ್ಡೆ ಮೂಡಿದ ಮೇಲೆ ಅಲ್ಲಿಗೆ ಬಂದು ಸೇರುವ ಮ್ಯಾಕ್ರೋಫೇಜ್ ಎಂಬ ನಿರೋಧಕ ಕೋಶಗಳಲ್ಲಿ ಅನೇಕವು, ಗಾಯ ಮಾಯಿಸಲು ತೊಡಗಿದಂತೆಯೇ, ಹೊಸ ರಕ್ತನಾಳಗಳ ಬೆಳವಣಿಗೆಯನ್ನು ಪ್ರಚೋದಿಸಿ ಗೆಡ್ಡೆಗೇ ಆಹಾರ ಒದಗಿಸುತ್ತವೆ.

ಹಲವು ಗೆಡ್ಡೆಗಳು ಪಿಡಿ-ಎಲ್1 ಎಂಬ ಪ್ರೋಟೀನಿನಿಂದ ಟಿ ಕೋಶಗಳನ್ನು ಸುಮ್ಮನಾಗಿಸುತ್ತವೆ. ಇಂಥ ತಡೆಗಳನ್ನು ತೆರವುಗೊಳಿಸುವ ದಾರಿ ತೋರಿದ ವಿಜ್ಞಾನಿಗಳಾದ ಜೇಮ್ಸ್ ಆಲಿಸನ್ ಮತ್ತು ತಸುಕು ಹೊಂಜೊ 2018ರಲ್ಲಿ ನೊಬೆಲ್ ಪಡೆದರು. ಈ ಚಿಕಿತ್ಸೆ ಎಲ್ಲರಿಗೂ ಫಲಿಸುವುದಿಲ್ಲ. ತಡೆ ಕಳಚಿದ ಟಿ ಕೋಶಗಳು ಕರುಳು, ಥೈರಾಯ್ಡ್‌ಗಳ ಮೇಲೂ ಎರಗಬಹುದಾದ್ದರಿಂದ ವೈದ್ಯರ ನಿಗಾ ಅತ್ಯಗತ್ಯ.