ಅಜ್ಜಿಯ ತವರೂರು ಯಾವುದು?

ಹಿರಿಯರ ಮನೆಗೆ ಹೋಗಿ, ಮಕ್ಕಳಿಂದ ಕಾಲಿಗೆ ನಮಸ್ಕಾರ ಮಾಡಿಸಿ, ಚಕ್ಕುಲಿ ತಿಂದು ಹೊರಟರೆ ಮಗುವಿಗೆ ನೆನಪಿರುವುದು ಚಕ್ಕುಲಿಯೇ. ಮನೆತನದ ಪರಿಚಯ ಆಗಬೇಕೆಂದರೆ ಮಗುವಿನ ಕೈಗೊಂದು ಕೆಲಸ ಕೊಡಬೇಕು.

ಹೊರಡುವ ಮುಂಚೆಯೇ ದೊಡ್ಡ ಹಾಳೆಯ ಕೆಳತುದಿಯಲ್ಲಿ ಮಗುವಿನ ಹೆಸರು ಬರೆಸಿ. ಅದರ ಮೇಲೆ ಅಪ್ಪ, ಅಮ್ಮ; ಆಮೇಲೆ 4 ಜನ ಅಜ್ಜ-ಅಜ್ಜಿಯರು; ತುದಿಯಲ್ಲಿ 8 ಜನ ಮುತ್ತಜ್ಜ-ಮುತ್ತಜ್ಜಿಯರು. ಗೊತ್ತಿದ್ದಷ್ಟು ತುಂಬಿದಾಗ ಖಾಲಿ ಉಳಿಯುವುದು ಹೆಚ್ಚಾಗಿ ಹೆಂಗಸರ ಹೆಸರಿನ ಜಾಗಗಳೇ. ಜಮೀನಿನ ಖಾತೆ ಬದಲಾವಣೆಗೆಂದು ಬರೆಸಿದ ಹಳೆಯ ವಂಶವೃಕ್ಷಗಳಲ್ಲೂ ಹೆಣ್ಣುಮಕ್ಕಳು ಬಿಟ್ಟುಹೋಗಿರುವುದುಂಟು. ಕೆಲವು ಸಮುದಾಯಗಳಲ್ಲಿ ಮದುವೆಯಲ್ಲಿ ಸೊಸೆಯ ಹೆಸರನ್ನೇ ಬದಲಿಸುತ್ತಿದ್ದರು. ಹಾಗಾಗಿ ಮಗು ಮೊದಲು ಕೇಳಬೇಕಾದದ್ದು: "ಅಜ್ಜಿ, ನಿಮ್ಮ ತವರೂರು ಯಾವುದು? ಅಲ್ಲಿ ನಿಮ್ಮನ್ನ ಏನಂತ ಕರೀತಿದ್ರು?"

"ನಿಮ್ಮ ಬಾಲ್ಯ ಹೇಗಿತ್ತು?" ಎಂದರೆ "ಏನೋ, ಕಷ್ಟದಲ್ಲಿ ಬೆಳೆದ್ವಿ" ಎಂಬಲ್ಲಿಗೆ ಮಾತು ನಿಂತುಬಿಡುತ್ತದೆ. ನೀರು ಎಲ್ಲಿಂದ ತರ್ತಿದ್ರಿ, ಮನೆದೇವರ ಜಾತ್ರೆಗೆ ಗಾಡೀಲಿ ಹೋಗ್ತಿದ್ರಾ, ರಾತ್ರಿ ಊಟಕ್ಕೆ ಏನಿರ್ತಿತ್ತು ಅಂತ ಕೇಳಲಿ. ಸಲಕ್ಕೆ ಮೂರು ನಾಲ್ಕು ಪ್ರಶ್ನೆ ಸಾಕು.

ಇಸವಿ ಮಾತ್ರ ನೇರವಾಗಿ ಕೇಳಬೇಡಿ. ಶಾಲೆಗೆ ಸೇರಿಸುವಾಗ ಮೇಷ್ಟ್ರು ಅಂದಾಜಿನ ಮೇಲೆ ಬರೆದ ಜನ್ಮದಿನಾಂಕ ಹೊತ್ತವರು ಆ ತಲೆಮಾರಿನಲ್ಲಿ ಬೇಕಾದಷ್ಟು ಜನ. "ನಯಾಪೈಸೆ ಬಂದಾಗ ಎಷ್ಟು ದೊಡ್ಡವರಿದ್ರಿ?" ಎಂದರೆ, ಆಣೆಯ ಬದಲು ಆ ಹೊಸ ನಾಣ್ಯ ಬಂದ 1957ರ ಆಸುಪಾಸು ಸಿಕ್ಕಿತು. ಮೈಸೂರು ರಾಜ್ಯ ಕರ್ನಾಟಕವಾದ 1973, ತುರ್ತುಪರಿಸ್ಥಿತಿಯ 1975, ಶರಾವತಿ ಕಡೆಯವರಾದರೆ ಲಿಂಗನಮಕ್ಕಿ ಅಣೆಕಟ್ಟು: ಇಂಥವುಗಳ ಹಿಂದೆಯೋ ಮುಂದೆಯೋ ಎಂದು ಕೇಳಿದರೆ ಮದುವೆ, ಬಾಣಂತನ ಎಲ್ಲ ಸಾಲಾಗಿ ಕೂರುತ್ತವೆ.

ಬೆಳಗ್ಗೆ ತಿಂಡಿಯಾದ ಮೇಲೆ ಹೋಗುವುದು ಒಳ್ಳೆಯದು. ಮಧ್ಯಾಹ್ನ ಊಟವಾದ ಮೇಲೆ ಅವರಿಗೆ ನಿದ್ದೆಯ ಹೊತ್ತು. ಮುಕ್ಕಾಲು ಗಂಟೆ ದಾಟಿದರೆ ಇಬ್ಬರಿಗೂ ಸಾಕಾಗುತ್ತದೆ. ಚೆನ್ನಾಗಿ ಕೇಳಿಸುವ ಕಿವಿಯ ಕಡೆ ಮಗುವನ್ನು ಕೂರಿಸಿ, ಟಿವಿ ಆರಿಸಿ. ರೆಕಾರ್ಡ್ ಮಾಡುವುದಾದರೆ ಅವರನ್ನು ಕೇಳಿಯೇ ಮಾಡಿ. ಫೋನನ್ನು ಏರೋಪ್ಲೇನ್ ಮೋಡ್‌ಗೆ ಹಾಕಿ, ಮಡಚಿದ ಟವೆಲ್ ಮೇಲೆ ಒಂದೆರಡು ಅಡಿ ದೂರದಲ್ಲಿಡಿ. ಬರಿ ಮೇಜಿನ ಮೇಲಿಟ್ಟರೆ ಲೋಟ ಇಟ್ಟ ಸದ್ದೂ ಗುಡುಗಿನಂತೆ ಕೇಳುತ್ತದೆ. ಫ್ಯಾನಿನ ಕೆಳಗಂತೂ ಬೇಡ.

ಹಳೆಯ ಫೋಟೋ ಹಿಂದೆ ಬಾಲ್‌ಪೆನ್ನಿನಲ್ಲಿ ಬರೆದರೆ ಅಚ್ಚು ಮುಂದಕ್ಕೆ ಮೂಡುತ್ತದೆ. ಫೋಟೋದಲ್ಲಿರುವವರ ಹೆಸರುಗಳನ್ನು ಎಡದಿಂದ ಬಲಕ್ಕೆ ಇರುವ ಕ್ರಮದಲ್ಲೇ, ಮೆದು ಪೆನ್ಸಿಲ್ಲಿನಲ್ಲಿ, ಅಂಚಿನಲ್ಲಿ ಬರೆಯಿರಿ. ಆಲ್ಬಮ್ಮಿಗೆ ಅಂಟಿಕೊಂಡದ್ದನ್ನು ಕೀಳಬೇಡಿ. ಫ್ಲ್ಯಾಶ್ ಇಲ್ಲದೆ ಕಿಟಕಿ ಬೆಳಕಿನಲ್ಲಿ ಹಾಗೇ ಫೋಟೋ ತೆಗೆದುಕೊಳ್ಳಿ.

ಉತ್ತರ ಕರ್ನಾಟಕದ ಮನೆತನವಾದರೆ ಇನ್ನೊಂದು ಪ್ರಶ್ನೆ ಇದೆ: "ನಮ್ಮನಿಗೆ ಹೆಳವರು ಬರ್ತಿದ್ರೇನ?" ಎತ್ತಿನ ಮೇಲೆ ಬಂದು, ಮನೆತನದ ವಂಶಾವಳಿ ಹೇಳಿ, ಕಾಳುಕಡಿ ಪಡೆದು ಹೋಗುವವರು ಇವರು. ಮೂಲ ಊರು ಯಾವುದು, ಯಾವಾಗ ಬಿಟ್ಟು ಬಂದರು ಎಂಬುದೂ ಅವರ ಹೊತ್ತಿಗೆಗಳಲ್ಲಿ ಇರುತ್ತದೆ. ಯಾವ ಊರಿನ ಹೆಳವರು ಎಂದು ಅಜ್ಜನಿಂದ ಬರೆದುಕೊಂಡರೆ ಹುಡುಕುವುದು ಸುಲಭ.